ಕಾರ್ಬೊರೇಟರ್ ಅಡಿಗೆ ಬೇಕಲೈಟಾ, ಅಲ್ಯೂಮಿನಿಯಮ್ಮಾ? ಅಂಬಾಸಿಡರ್‌ಗೆ ಹಾಕಿ ನೋಡಿದ್ದು

ನಮ್ಮ ಮನೆಯಲ್ಲಿ ಇನ್ನೂ ಪೆಟ್ರೋಲ್ ಅಂಬಾಸಿಡರ್ ಇದೆ. 1489 ಸಿಸಿ ಎಂಜಿನ್, ಸೋಲೆಕ್ಸ್ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ). ಕಲಬುರಗಿಯ ಮೇ ಬಿಸಿಲಲ್ಲಿ ಅದಕ್ಕೆ ಒಂದೇ ಕಾಯಿಲೆ. ಓಡುವಾಗ ಚೆನ್ನಾಗಿಯೇ ಓಡುತ್ತದೆ, ಆದರೆ ಎಲ್ಲಾದರೂ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟು ಬಂದು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಹತ್ತಿಕೊಳ್ಳುವುದಿಲ್ಲ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಕಾರ್ಬೊರೇಟರ್‌ನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಇದ್ದ ಪೆಟ್ರೋಲ್ ಕುದ್ದು ಇಂಟೇಕ್ ಮ್ಯಾನಿಫೋಲ್ಡಿಗೆ (ಗಾಳಿ, ಪೆಟ್ರೋಲನ್ನು ಎಂಜಿನ್‌ಗೆ ಒಯ್ಯುವ ಕೊಳವೆ) ಇಳಿದಿರುತ್ತದೆ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತವೆ, ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಲ್ಲೇ ಅಷ್ಟಿರುತ್ತದೆ. ಇದಕ್ಕೆ ಮದ್ದು ಅಂತ ಕಾರ್ಬೊರೇಟರ್‌ಗೂ ಮ್ಯಾನಿಫೋಲ್ಡಿಗೂ ನಡುವೆ ಸ್ಪೇಸರ್, ಅಂದರೆ ದಪ್ಪ ಹಲಗೆಯಂಥದ್ದು, ಇಡುತ್ತಾರೆ. ಯಾವುದರದ್ದು ಇಟ್ಟರೆ ಕೆಲಸ ಮಾಡುತ್ತದೆ ಅಂತ ಹಾಕಿ ನೋಡಿದೆ.

ಈ ಎಂಜಿನ್‌ನಲ್ಲಿ ಇಂಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಹೊಗೆ ಹೋಗುವ ಮ್ಯಾನಿಫೋಲ್ಡ್ ಕೆಳಗೆ, ಕಾರ್ಬೊರೇಟರ್ ಮೇಲೆ, ಒಲೆ ಮೇಲೆ ಪಾತ್ರೆ ಇಟ್ಟ ಹಾಗೆ. ಗಾಡಿ ಓಡುವಾಗ ಒಳಗೆ ನುಗ್ಗುವ ಗಾಳಿ, ಹೊಸ ಪೆಟ್ರೋಲ್ ಎರಡೂ ಅದನ್ನು ತಣ್ಣಗಿಡುತ್ತವೆ. ಆಫ್ ಮಾಡಿದ ತಕ್ಷಣ ಎರಡೂ ನಿಂತು, ಕೆಳಗಿನ ಕಬ್ಬಿಣದ ಕಾವೆಲ್ಲ ನಿಧಾನಕ್ಕೆ ಮೇಲೇರುತ್ತದೆ. ಅದಕ್ಕೇ ನಿಂತ ಮೇಲೆ ತೊಂದರೆ ಜಾಸ್ತಿ.

ಪ್ರಯೋಗ ಹೀಗೆ ಮಾಡಿದೆ. ಮಧ್ಯಾಹ್ನ ಶಹಾಬಾದ್‌ವರೆಗೆ ಹೋಗಿ ಬರುವುದು, ಬಾನೆಟ್ ಮುಚ್ಚಿಯೇ ಹದಿನೈದು ನಿಮಿಷ ನಿಲ್ಲಿಸುವುದು, ಆಮೇಲೆ ಟೆಂಪರೇಚರ್ ಗನ್‌ನಿಂದ ಬೌಲಿನ ಬಿಸಿ ನೋಡುವುದು. ಇದನ್ನು ಮಾಡುವವರು ಒಂದು ವಿಷಯ ನೆನಪಿಡಿ. ಹೊಳೆಯುವ ಲೋಹದ ಮೇಲೆ ಗನ್ ಹಿಡಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು.

ಮೊದಲು ಸ್ಪೇಸರ್ ಇಲ್ಲದೆ, ಬರೀ ತೆಳು ಪೇಪರ್ ಪ್ಯಾಕಿಂಗ್. 76 ಡಿಗ್ರಿ ಬಂತು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮೂರ್ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು.

ಆಮೇಲೆ ಲೇತ್‌ನಲ್ಲಿ ಮಾಡಿಸಿದ 12 ಎಂಎಂ ಅಲ್ಯೂಮಿನಿಯಂ ಸ್ಪೇಸರ್. ನೋಡಲು ಬಹಳ ಚೆಂದ. ಬಿಸಿ 75 ಡಿಗ್ರಿ. ಅಂದರೆ ಏನೂ ಬದಲಾಗಲಿಲ್ಲ. ಆಗುವುದೂ ಇಲ್ಲ, ಯಾಕೆಂದರೆ ಬೇಕಲೈಟ್‌ಗಿಂತ ಅಲ್ಯೂಮಿನಿಯಂ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಇದನ್ನೂ ಕೂಲಿಂಗ್ ಸ್ಪೇಸರ್ ಅಂತ ಮಾರುತ್ತಾರೆ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಮೂರನೆಯದು 10 ಎಂಎಂ ಹೈಲಂ ಶೀಟ್, ಬೇಕಲೈಟ್ ಹಲಗೆ ಅಂತೀವಲ್ಲ ಅದೇ. ಎರಡೂ ಬದಿಗೆ ಹೊಸ ಪ್ಯಾಕಿಂಗ್ ಇಟ್ಟು ಕೂರಿಸಿದೆ. 64 ಡಿಗ್ರಿ! ಎರಡನೇ ಸೆಲ್ಫ್‌ಗೆ ಹತ್ತಿತು. ಇದರ ಜೊತೆ, ಎಕ್ಸಾಸ್ಟ್‌ಗೂ ಬೌಲಿಗೂ ನಡುವೆ ಒಂದು ತೆಳು ಅಲ್ಯೂಮಿನಿಯಂ ತಗಡನ್ನು ಸ್ಪೇಸರ್ ಅಡಿಗೇ ಸಿಕ್ಕಿಸಿ ಅಡ್ಡ ಕಟ್ಟಿದಾಗ 57ಕ್ಕೆ ಇಳಿಯಿತು, ಮೊದಲ ಸಲಕ್ಕೇ ಸ್ಟಾರ್ಟ್. ಬೇಕಲೈಟ್ ತಡೆಯುವುದು ಲೋಹದಿಂದ ಲೋಹಕ್ಕೆ ಹತ್ತುವ ಕಾವನ್ನು ಮಾತ್ರ, ಕೆಂಪಗೆ ಕಾದ ಕಬ್ಬಿಣದಿಂದ ಮುಖಕ್ಕೆ ರಾಚುತ್ತದಲ್ಲ, ಆ ಝಳವನ್ನು ತಡೆಯುವುದು ತಗಡು. ಎರಡೂ ಬೇಕು. ಹಳೆ ಕಾರ್ಬೊರೇಟರ್ ಗಾಡಿಗೆ ನನ್ನ ಓಟು ಇದಕ್ಕೇ.

ಸ್ಪೇಸರನ್ನು ಮ್ಯಾನಿಫೋಲ್ಡಿಗೂ ಹೆಡ್ಡಿಗೂ (ಎಂಜಿನ್‌ನ ಮೇಲ್ಭಾಗ) ನಡುವೆ ಹಾಕಿದರೆ? ಅಂಬಾಸಿಡರ್‌ನಲ್ಲಿ ಪ್ರಯೋಜನ ಇಲ್ಲ, ಮುಖ್ಯ ಕಾವು ಬರುವುದು ಕೆಳಗಿನ ಎಕ್ಸಾಸ್ಟ್‌ನಿಂದ. ಅಲ್ಲಿ ಸ್ವಲ್ಪ ಬಿಸಿ ಇರಬೇಕು ಕೂಡ, ಚಳಿಯ ಬೆಳಗ್ಗೆ ಪೆಟ್ರೋಲ್ ಹನಿ ಆವಿಯಾಗಲು ಅದೇ ದಾರಿ.

ಇನ್ನು ಪವರ್ ವಿಷಯ. ಸ್ಪೇಸರ್ ಹಾಕಿದರೆ ಒಳಗೆ ಹೋಗುವ ಗಾಳಿ ತಣ್ಣಗಾಗಿ ಪವರ್ ಹೆಚ್ಚುತ್ತದೆ ಅನ್ನುವವರಿದ್ದಾರೆ. ಗಾಳಿ 3 ಡಿಗ್ರಿ ತಣ್ಣಗಾದರೆ ಸುಮಾರು ಶೇ. 1ರಷ್ಟು ಸಾಂದ್ರವಾಗುತ್ತದೆ ಅನ್ನುವುದು ನಿಜ. ಆದರೆ ಮ್ಯಾನಿಫೋಲ್ಡ್ ತಣ್ಣಗಾದರೆ ಗಾಳಿಯೂ ಅಷ್ಟೇ ತಣ್ಣಗಾಗುತ್ತದಾ? ಈ ಎಂಜಿನ್ 3000 ಆರ್‌ಪಿಎಂನಲ್ಲಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಸೆಕೆಂಡಿಗೆ ಹೆಚ್ಚೆಂದರೆ 37 ಲೀಟರ್ ಗಾಳಿ ಎಳೆಯುತ್ತದೆ. ಎರಡು ದೊಡ್ಡ ಕೊಡಕ್ಕಿಂತ ಜಾಸ್ತಿ! ಅಷ್ಟು ಜೋರಾಗಿ ಹೋಗುವ ಗಾಳಿಗೆ ಗೋಡೆಯ ಬಿಸಿ ಹೀರಲು ಸಮಯವೇ ಸಿಗುವುದಿಲ್ಲ. ಏರು ರಸ್ತೆಯಲ್ಲಿ ನನಗಂತೂ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ.

ಗೆಳೆಯನ ಎಂಪಿಎಫ್‌ಐ ಕಾರಿನಲ್ಲೂ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು) ನೋಡಿದೆವು. ಅಲ್ಯೂಮಿನಿಯಂ ಮ್ಯಾನಿಫೋಲ್ಡ್, ಹೆಡ್ ಹತ್ತಿರ ದಪ್ಪ ಪ್ಲಾಸ್ಟಿಕ್ ಗ್ಯಾಸ್ಕೆಟ್ ಹಾಕಿಸಿದ್ದ. ಕೈಯಿಟ್ಟರೆ ಮ್ಯಾನಿಫೋಲ್ಡ್ ಮೊದಲಿಗಿಂತ ತಣ್ಣಗಿತ್ತು, ಸ್ಕ್ಯಾನರ್‌ನಲ್ಲಿ ಮಾತ್ರ ಹೈವೇ ಮೇಲೆ ಒಳಗಿನ ಗಾಳಿಯ ಬಿಸಿ ಹಾಕುವ ಮೊದಲೂ ಆಮೇಲೂ ಹೆಚ್ಚು ಕಡಿಮೆ ಒಂದೇ. ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ಕಡಿಮೆ ತೋರಿಸಿತು, ಅಷ್ಟೇ. ಈಗಿನ ಹೆಚ್ಚಿನ ಕಾರುಗಳ ಮ್ಯಾನಿಫೋಲ್ಡೇ ಪ್ಲಾಸ್ಟಿಕ್, ಅವಕ್ಕೆ ಸ್ಪೇಸರ್ ಸುಮ್ನೆ ಖರ್ಚು.

ಅಂಬಾಸಿಡರ್‌ಗೆ ಹಾಕುವುದಾದರೆ ಉದ್ದದ ಸ್ಟಡ್ ಮೊದಲೇ ತಂದಿಟ್ಟುಕೊಳ್ಳಿ. ಏರ್ ಫಿಲ್ಟರ್ ಬಾನೆಟ್‌ಗೆ ತಾಗುತ್ತದಾ, ಆಕ್ಸಿಲರೇಟರ್ ರಾಡ್ ಸಲೀಸಾಗಿ ಆಡುತ್ತದಾ ನೋಡಿ. ನಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಎರಡೂ ಕಡೆ ಸಮ ಬಿಗಿಯಿರಿ, ಒಂದೇ ಕಡೆ ಜಾಸ್ತಿ ಎಳೆದರೆ ಕಾರ್ಬೊರೇಟರ್‌ನ ಕಿವಿ (ನಟ್ ಕೂರುವ ಅಂಚು) ಬಗ್ಗುತ್ತದೆ ಇಲ್ಲವೇ ಹಲಗೆ ಸೀಳುತ್ತದೆ. ನಾಲ್ಕು ದಿನ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ. ಐಡ್ಲಿಂಗ್ (ಗಾಡಿ ನಿಂತಿದ್ದಾಗ ಎಂಜಿನ್ ಓಡುವ ವೇಗ) ಏರಿಳಿಯುತ್ತಿದ್ದರೆ ಸ್ಪೇಸರ್ ಕೂರಿಸಿದ ಸಂದಿಯಲ್ಲಿ ಏರ್ ಎಳೆಯುತ್ತಿದೆ ಅಂತ ಅರ್ಥ. ಅದನ್ನು ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬೊರೇಟರ್ ಸ್ಪ್ರೇ ಹೊಡೆಯಬೇಡಿ, ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.