ಮರದ ಪ್ಯಾನೆಲ್‌ಗೆ ಜಾಯ್‌ಸ್ಟಿಕ್ ಕೂರಿಸುವುದು ಹೇಗೆ: ಆಡಿ ನೋಡಿದ ಮೇಲೆ ಮಾಡಿದ ಹೋಲಿಕೆ

ಮನೆಯಲ್ಲೇ ಆರ್ಕೇಡ್ ಪ್ಯಾನೆಲ್ (ವಿಡಿಯೋ ಗೇಮ್ ಆಡಲು ಜಾಯ್‌ಸ್ಟಿಕ್, ಬಟನ್ ಕೂರಿಸಿದ ಹಲಗೆ) ಮಾಡಲು ಹೊರಟವರೆಲ್ಲ ಯಾವ ಜಾಯ್‌ಸ್ಟಿಕ್ ತಗೊಳ್ಳಲಿ ಅಂತ ಕೇಳುತ್ತಾರೆ. ಅದನ್ನು ಹಲಗೆಗೆ ಹೇಗೆ ಕೂರಿಸಲಿ ಅಂತ ಕೇಳುವವರು ಕಡಿಮೆ. ಆದರೆ ಆಡುವಾಗ ಕೈಗೆ ಜಾಸ್ತಿ ಗೊತ್ತಾಗುವುದು ಅದೇ. ಒಂದೇ ಸಾನ್ವಾ ಜೆಎಲ್‌ಎಫ್ ಸ್ಟಿಕ್ಕನ್ನು ಬೇರೆ ಬೇರೆ ರೀತಿ ಕೂರಿಸಿ ಆಡಿ ನೋಡಿದ್ದೇನೆ, ಜೊತೆಗೆ ಹ್ಯಾಪ್ ಕಾಂಪಿಟಿಷನ್ ಸ್ಟಿಕ್ಕನ್ನೂ. ಎಲ್ಲದಕ್ಕೂ ಪ್ಯಾನೆಲ್ ದಪ್ಪ 18 ಎಂಎಂ.

ಸಮಸ್ಯೆಯ ಬುಡ ಇಷ್ಟೇ. ಜೆಎಲ್‌ಎಫ್ ಜಪಾನಿನ ಸ್ಟಿಕ್. ಅಲ್ಲಿನ ಮೆಷಿನ್‌ಗಳಲ್ಲಿ ಪ್ಯಾನೆಲ್ ತೆಳು ಲೋಹದ್ದು, ಹಾಗಾಗಿ ಕಡ್ಡಿ ಗಿಡ್ಡ. 18 ಎಂಎಂ ಹಲಗೆಯ ಕೆಳಗೆ ಹಾಕಿದರೆ ಅರ್ಧ ಕಡ್ಡಿಯನ್ನು ಹಲಗೆಯೇ ನುಂಗಿಬಿಡುತ್ತದೆ.

ಕೆಳಗಿನಿಂದ ನೇರವಾಗಿ ಮರದ ಸ್ಕ್ರೂ ಹೊಡೆಯುವುದು ಎಲ್ಲಕ್ಕಿಂತ ಸುಲಭ. ಡ್ರಿಲ್ ಒಂದಿದ್ದರೆ ಸಾಕು. ಆದರೆ ಕಡ್ಡಿ ತುದಿಯ ಉಂಡೆ ತೀರಾ ಕೆಳಗೆ ಕೂರುತ್ತದೆ, ಬೆರಳ ಗೆಣ್ಣು ಹಲಗೆಗೆ ಉಜ್ಜುತ್ತದೆ. ಇನ್ನೊಂದು ತೊಂದರೆ ಮೊದಲು ಕಣ್ಣಿಗೆ ಬೀಳುವುದಿಲ್ಲ. ಕಡ್ಡಿ ತಿರುಗುವ ಬಿಂದು ಕೆಳಗಿದೆ, ಹಾಗಾಗಿ ಹಲಗೆ ದಪ್ಪ ಆದಷ್ಟೂ ಮೇಲ್ಭಾಗದಲ್ಲಿ ಕಡ್ಡಿ ಜಾಸ್ತಿ ಅಗಲಕ್ಕೆ ಓಲಾಡುತ್ತದೆ. ತೂತು ಸಣ್ಣದಾದರೆ ಮೂಲೆಗೆ ತಳ್ಳಿದಾಗ ಅಂಚಿಗೆ ಟಕ್ ಅಂತ ಬಡಿಯುತ್ತದೆ; ದೊಡ್ಡದು ಮಾಡಿದರೆ ಮೇಲಿನ ಕಪ್ಪು ವಾಷರ್ ಅದನ್ನು ಪೂರ್ತಿ ಮುಚ್ಚುವುದಿಲ್ಲ. ಎಂಡಿಎಫ್ ಹಲಗೆಯಾದರೆ ಸ್ಕ್ರೂ ಹಿಡಿತವೂ ಬೇಗ ಹೋಗುತ್ತದೆ, ಅದರಲ್ಲೂ ಬಿಚ್ಚಿ ಮತ್ತೆ ಹಾಕಿದರೆ. ಸ್ಕ್ರೂ ಬದಲು ಹಲಗೆಯೊಳಗೇ ಕೂರುವ ಹಿತ್ತಾಳೆಯ ಇನ್ಸರ್ಟ್ ನಟ್ ಹಾಕಿದಾಗ ಹಿಡಿತ ಸರಿಹೋಯಿತು, ಎತ್ತರ ಹಾಗೇ ಉಳಿಯಿತು.

ಹ್ಯಾಪ್ ಕಥೆ ಬೇರೆ. ಅಮೆರಿಕದ ಮರದ ಪ್ಯಾನೆಲ್‌ಗೆ ಒಗ್ಗುವ ಉದ್ದ ಕಡ್ಡಿ ಅದರದ್ದು. ನಾಲ್ಕು ಬೋಲ್ಟ್ ಆರಪಾರ ಹಾಕಿ ನಟ್ ಬಿಗಿದರೆ ಕೆಲಸ ಮುಗಿಯಿತು. ಸ್ಪ್ರಿಂಗ್ ಗಡಸು, ಮಕ್ಕಳು ಜೋತುಬಿದ್ದರೂ ಜಗ್ಗುವುದಿಲ್ಲ. ಫೈಟಿಂಗ್ ಗೇಮ್‌ನಲ್ಲಿ ಬೆರಳ ತುದಿಯಿಂದ ಸರಸರ ತಿರುಗಿಸುವ ಸುಖ ಮಾತ್ರ ನನಗೆ ಜೆಎಲ್‌ಎಫ್‌ನಲ್ಲೇ ಸಿಗುವುದು.

ಹಾಗಾದರೆ ಹಲಗೆಯನ್ನೇ ಕೆಳಗಿನಿಂದ ಕೊರೆದು ತೆಳು ಮಾಡಬೇಕು. 12 ಎಂಎಂ ಕೊರೆದು 6 ಎಂಎಂ ಉಳಿಸಿದರೆ ಅಷ್ಟೂ ಎತ್ತರ ವಾಪಸ್ ಬರುತ್ತದೆ. ಮರ ಕೊರೆಯುವ ರೌಟರ್ ಮೆಷಿನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಮ್ಮ ಕಾರ್ಪೆಂಟರ್‌ಗಳ ಹತ್ತಿರ ವಾರ್ಡ್‌ರೋಬ್ ಬಾಗಿಲಿನ ಆಟೋ ಹಿಂಜ್ ಕೂರಿಸುವ 35 ಎಂಎಂ ಬಿಟ್ ಇದ್ದೇ ಇರುತ್ತದೆ, ಅವರು ದಿನವೂ ಅದರಲ್ಲಿ ಸುಮಾರು 12 ಎಂಎಂ ಆಳದ ಗುಂಡಿ ತೆಗೆಯುತ್ತಲೇ ಇರುತ್ತಾರೆ. ಒಂದರ ಪಕ್ಕ ಒಂದು ಗುಂಡಿ ತೆಗೆಸಿ, ಉಳಿದದ್ದನ್ನು ಉಳಿಯಲ್ಲಿ ಕೆತ್ತಿದರೆ ಆಯಿತು. ಬಿಟ್‌ನ ನಡುವಿನ ಮೊನೆ ಇನ್ನೂ ಆಳಕ್ಕೆ ಇಳಿಯುತ್ತದೆ, ಅದು ಹಲಗೆಯ ಮೇಲ್ಮೈಗೆ ಹಾಯದಂತೆ ಆಳ ನೋಡಿಕೊಳ್ಳಿ. ಜೆಎಲ್‌ಎಫ್ ಬಾಡಿ ಒಂದು ಕಡೆ ಅದನ್ನು ಹಲಗೆಗೆ ಬಿಗಿಯುವ ಪ್ಲೇಟಿಗಿಂತ ಅಗಲ, ಅದಕ್ಕೂ ವೈರ್ ಕನೆಕ್ಟರ್‌ಗೂ ಸೇರಿಸಿ ಗುಂಡಿಯ ಗೆರೆ ಹಾಕಬೇಕು. ಆಟ ಚೆನ್ನಾಗಿತ್ತು. ಉಳಿ ಕೆಲಸ ಮಾತ್ರ ಬೇಜಾರು, ತಳ ಸಮ ಆಗದಿದ್ದರೆ ಪ್ಲೇಟ್ ಕುಂಟುತ್ತದೆ.

ಅದಕ್ಕೇ ನನ್ನ ಆಯ್ಕೆ ಎರಡು ಪದರ. ಕೆಳಗೆ 12 ಎಂಎಂ ಪ್ಲೈವುಡ್, ಅದರಲ್ಲಿ ಜಿಗ್‌ಸಾದಿಂದ ಸ್ಟಿಕ್ಕಿನ ಜಾಗ ಪೂರ್ತಿ ಕತ್ತರಿಸಿ ತೆಗೆದದ್ದು. ಮೇಲೆ 6 ಎಂಎಂ ಪ್ಲೈವುಡ್, ಅದರಲ್ಲಿ ಕಡ್ಡಿಗೆ ತೂತು ಮಾತ್ರ. ಫೆವಿಕಾಲ್ ಬಳಿದು, ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಟ್ಟರೆ ಒಂದೇ ಹಲಗೆ. ಆಳ ತಾನಾಗೇ ಸರಿಯಾಗಿರುತ್ತದೆ, ತಳ ಕನ್ನಡಿಯಂತೆ ಸಮ.

6 ಎಂಎಂಗೆ ಸ್ಕ್ರೂ ಕಚ್ಚುವುದಿಲ್ಲ, ಬೋಲ್ಟೇ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ4 ಸಿಎಸ್‌ಕೆ ಬೋಲ್ಟ್ ಅಂದರೆ ಕೊಡುತ್ತಾರೆ; 4 ಎಂಎಂ ದಪ್ಪದ್ದು, ತಲೆ ಹಲಗೆಯೊಳಗೆ ಇಳಿದು ಕೂರುವಂಥದ್ದು. ಪ್ಲೇಟಿನ ತೂತುಗಳ ಅಂತರ 84 ಮತ್ತು 40 ಎಂಎಂ, ಆದರೂ ಪ್ಲೇಟನ್ನೇ ಇಟ್ಟು ಗುರುತು ಹಾಕಿ. ತಲೆ ಮೇಲ್ಮೈಗೆ ಸಮವಾಗಿ ಕೂರುವಂತೆ ತೂತಿನ ಬಾಯಿ ಕೆರೆದು, ಅರಾಲ್ಡೈಟ್ ಹಚ್ಚಿ ಇಳಿಸಿ, ಒಣಗಿದ ಮೇಲೇ ಕೆಳಗೆ ನೈಲಾಕ್ ನಟ್ (ತಾನಾಗಿ ಸಡಿಲವಾಗದ ನಟ್) ಬಿಗಿಯಿರಿ. ಆಮೇಲೆ ಮೇಲೆ 1 ಎಂಎಂ ಸನ್‌ಮೈಕಾ. ಬೋಲ್ಟ್ ಕಾಣುವುದೇ ಇಲ್ಲ. ಮುಂದೆ ಸ್ಟಿಕ್ ಬದಲಿಸಬೇಕೆಂದರೆ ಉಂಡೆ ಬಿಚ್ಚಿ, ಕೆಳಗಿನಿಂದ ನಾಲ್ಕು ನಟ್ ತೆಗೆದರೆ ಸಾಕು. ಪ್ಯಾಕ್‌ಮ್ಯಾನ್‌ಗೆ ನಾಲ್ಕೇ ದಿಕ್ಕು ಬೇಕು ಅನ್ನಿಸಿದಾಗ ಕಡ್ಡಿಯ ಓಡಾಟಕ್ಕೆ ಮಿತಿ ಹಾಕುವ ತಳದ ಗೇಟನ್ನು ತಿರುಗಿಸಿ ಹಾಕಲು ಅದೂ ಬೇಡ, ಸುಮ್ನೆ ಪ್ಯಾನೆಲ್ ಎತ್ತಿದರೆ ಕೈಗೆ ಸಿಗುತ್ತದೆ. ಬೋಲ್ಟ್ ತಲೆ ಒಳಗೇ ಸುತ್ತತೊಡಗಿದರೆ ಮಾತ್ರ ಮೈಕಾ ಕೀಳಬೇಕಾಗುತ್ತದೆ, ಅದಕ್ಕೇ ಅಂಟಿಸುವ ಮೊದಲು ತಲೆಯ ಅಡಿಯನ್ನು ಅರದಿಂದ ಒರಟು ಮಾಡಿ.

ಎರಡೂ ಪದರ ಪ್ಲೈವುಡ್ಡೇ ಇರಲಿ, ಎಂಡಿಎಫ್ ಬೇಡ. ಮಲೆನಾಡು, ಕರಾವಳಿ ಕಡೆಯವರಿಗಂತೂ ಮಳೆಗಾಲದ ಥಂಡಿಗೆ ಎಂಡಿಎಫ್ ಉಬ್ಬುವುದು ಗೊತ್ತೇ ಇದೆ ಅಲ್ವಾ? ಇನ್ನು ಬಟನ್. ಒತ್ತಿ ಕೂರಿಸುವ ಜಪಾನಿ 30 ಎಂಎಂ ಬಟನ್ 18 ಎಂಎಂ ಹಲಗೆಯಲ್ಲಿ ಕಚ್ಚಿಕೊಳ್ಳುವುದಿಲ್ಲ, ಉದ್ದ ಥ್ರೆಡ್ ಇರುವ, ನಟ್ ಬಿಗಿಯುವ ಅಮೆರಿಕನ್ ಬಟನ್‌ಗೆ ಆ ದಪ್ಪ ಸಲೀಸು. ನನ್ನ ಪ್ಯಾನೆಲ್‌ನಲ್ಲಿ ಸ್ಟಿಕ್ ಜಪಾನಿನದು, ಬಟನ್ ಅಮೆರಿಕದ ಥರದ್ದು.