ಟಾಸ್ಮೇನಿಯಾ ಕೋಚ್ ಟೂರ್: ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಊರಿಂದ ಅಪ್ಪ-ಅಮ್ಮ ಬಂದರೆ ಮೆಲ್ಬರ್ನ್‌ನ ಕನ್ನಡದವರ ಮನೆಗಳಲ್ಲಿ ನಡೆಯುವುದು ಹೆಚ್ಚುಕಮ್ಮಿ ಒಂದೇ. ಮೊದಲು ಗ್ರೇಟ್ ಓಷನ್ ರೋಡ್, ಆಮೇಲೆ ಸಿಡ್ನಿ, ಅಷ್ಟರಲ್ಲಿ ಯಾರೋ ಒಬ್ಬರು "ಟಾಸ್ಮೇನಿಯಾಗೆ ಕರ್ಕೊಂಡು ಹೋಗ್ರಿ, ಸ್ವರ್ಗ" ಅನ್ನುತ್ತಾರೆ. ಆಸ್ಟ್ರೇಲಿಯಾದ ದಕ್ಷಿಣದ ಈ ದ್ವೀಪ ಸ್ವರ್ಗ ಅನ್ನುವುದರಲ್ಲಿ ಸುಳ್ಳಿಲ್ಲ. ನನ್ನ ತಕರಾರು ಆ ಸ್ವರ್ಗವನ್ನು ಕೋಚಿನ, ಅಂದರೆ ಟೂರ್ ಬಸ್ಸಿನ, ಕಿಟಕಿಯಿಂದ ತೋರಿಸಿ ಪೂರ್ತಿ ದುಡ್ಡು ಎಣಿಸಿಕೊಳ್ಳುವವರ ಮೇಲೆ.

ಏಪ್ರಿಲ್‌ನ ಶಾಲಾ ರಜೆಯಲ್ಲಿ ಅಪ್ಪ-ಅಮ್ಮನ ಜೊತೆ ನಾವೂ ಹೋಗಿದ್ದೆವು. ಲಾನ್ಸೆಸ್ಟನ್‌ನಲ್ಲಿ ಇಳಿದು ಕ್ರೇಡಲ್ ಮೌಂಟನ್, ಪಶ್ಚಿಮ ಕರಾವಳಿಯ ಸ್ಟ್ರಾನ್, ಹೋಬಾರ್ಟ್, ಪೋರ್ಟ್ ಆರ್ಥರ್, ಫ್ರೇಸಿನೆ, ಮತ್ತೆ ಲಾನ್ಸೆಸ್ಟನ್. ಒಂದು ವಾರವೂ ತುಂಬದ ಟೂರಿನಲ್ಲಿ ಇಡೀ ದ್ವೀಪಕ್ಕೆ ಒಂದು ಪ್ರದಕ್ಷಿಣೆ. ಗೈಡ್ ಇರುತ್ತಾರೆ, ಇಂಡಿಯನ್ ವೆಜ್ ಊಟ ಇರುತ್ತದೆ, ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಹೇಳಿದ್ದರು. ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ತರಹದ ಪ್ರವಾಸದ ಪಟ್ಟಿ ಇಟ್ಟುಕೊಂಡು ಮಾರುವವರು ಇನ್ನೂ ಇದ್ದಾರೆ, ಪಟ್ಟಿಯಲ್ಲಿ ಏನನ್ನು ನೋಡಬೇಕು ಅಂತ ಗೊತ್ತಿದ್ದರೆ ಹೆಸರು ಬೇಕಾಗುವುದಿಲ್ಲ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ದ್ವೀಪದಲ್ಲಿ ನೀವು ಫೋಟೋದಲ್ಲಿ ನೋಡಿ ಆಸೆಪಟ್ಟ ಜಾಗಗಳು ಬಸ್ ನಿಲ್ಲುವ ಕಡೆ ಇಲ್ಲ. ಬಸ್ಸಿನ ಬಾಗಿಲಿನಿಂದ ಮುಂದಕ್ಕೆ ಅರ್ಧ ಗಂಟೆ, ಒಂದು ಗಂಟೆ, ಕೆಲವು ಕಡೆ ಅರ್ಧ ದಿನ ಇದ್ದರೇ ಅವು ಸಿಗುವುದು. ಪಟ್ಟಿಯಲ್ಲಿ ಜಾಗದ ಹೆಸರು ಇರುತ್ತದೆ, ಆ ಹೊತ್ತು ಇರುವುದಿಲ್ಲ.

ಕ್ರೇಡಲ್ ಮೌಂಟನ್ನನ್ನೇ ತೆಗೆದುಕೊಳ್ಳಿ. 1,545 ಮೀಟರ್ ಎತ್ತರದ, ಗರಗಸದ ಹಲ್ಲಿನಂಥ ನೆತ್ತಿ, ಕೆಳಗೆ ಡವ್ ಲೇಕ್. ಎಲ್ಲ ಬ್ರೋಷರ್‌ಗಳ ಮುಖಪುಟವೂ ಅದೇ. ಆದರೆ ಕೋಚ್ ನಿಲ್ಲುವುದು ರಾಷ್ಟ್ರೀಯ ಉದ್ಯಾನದ ಗೇಟಿನ ಹೊರಗಿನ ವಿಸಿಟರ್ ಸೆಂಟರ್‌ನಲ್ಲಿ. ಕೆರೆಯ ರಸ್ತೆ ಕಿರಿದು, ಶಟಲ್ ಬಸ್ ಓಡುವ ಹೊತ್ತಿನಲ್ಲಿ ಖಾಸಗಿ ವಾಹನಗಳನ್ನು ಒಳಗೆ ಬಿಡುವುದಿಲ್ಲ. ಸಾಲಿನಲ್ಲಿ ನಿಂತು ಶಟಲ್ ಹತ್ತಬೇಕು, ಹೋಗುವುದಕ್ಕೆ ಸುಮಾರು ಇಪ್ಪತ್ತು ನಿಮಿಷ, ಬರುವುದಕ್ಕೆ ಅಷ್ಟೇ. ಕೆರೆಯ ಸುತ್ತ ಆರು ಕಿಲೋಮೀಟರ್ ಕಾಲುದಾರಿಗೆ ಎರಡರಿಂದ ಮೂರು ಗಂಟೆ ಬೇಕು. ಹಿರಿಯರು ಅಷ್ಟು ನಡೆಯದಿದ್ದರೂ ಪರವಾಗಿಲ್ಲ, ದಡದಲ್ಲೇ ಗಾಜಿನ ಗೋಡೆಯ ಒಂದು ವೀಕ್ಷಣಾ ಕಟ್ಟೋಣ ಇದೆ, ಮಳೆ ಬಂದರೂ ಒಳಗೆ ಕೂತು ಬೆಟ್ಟ ನೋಡಬಹುದು. ದಾರಿಯಲ್ಲಿ ರಾನಿ ಕ್ರೀಕ್‌ನಲ್ಲಿ ಇಳಿದರೆ ಸಂಜೆ ಹೊತ್ತು ವಾಂಬ್ಯಾಟ್ ಅನ್ನುವ ದುಂಡು ಪ್ರಾಣಿಗಳು ಹುಲ್ಲು ಮೇಯುತ್ತಿರುತ್ತವೆ.

ನಮಗೆ ಅಲ್ಲಿ ಕೊಟ್ಟ ಸಮಯ, ಊಟವೂ ಸೇರಿ, ಒಂದು ಗಂಟೆಗಿಂತ ಕಡಿಮೆ. ಶಟಲ್ ಸಾಲು ನೋಡಿದರೆ ಅಂಗಳ ದಾಟಿ ನಿಂತಿತ್ತು. "ಹೋದವರು ಹೊತ್ತಿಗೆ ಸರಿಯಾಗಿ ವಾಪಸ್ ಬರದಿದ್ದರೆ ಕೋಚ್ ಕಾಯುವುದಿಲ್ಲ" ಅಂತ ಮೈಕಿನಲ್ಲಿ ಮೊದಲೇ ಹೇಳಿಬಿಟ್ಟರು. ಯಾರು ಧೈರ್ಯ ಮಾಡುತ್ತಾರೆ? ವಿಸಿಟರ್ ಸೆಂಟರ್‌ನಿಂದ ಬೆಟ್ಟ ಕಾಣುವುದೇ ಇಲ್ಲ. ನಮ್ಮ ಜೊತೆ ಹುಬ್ಬಳ್ಳಿ ಕಡೆಯ ಒಬ್ಬರು ಹಿರಿಯರಿದ್ದರು, ಬೆಂಗಳೂರಿನ ಏಜೆಂಟ್ ಮೂಲಕ ಇದೇ ಟೂರ್ ಕೊಂಡಿದ್ದವರು. ಅಂಗಡಿಯಲ್ಲಿ ತೂಗುಹಾಕಿದ್ದ ಚಿತ್ರದ ಕಾರ್ಡುಗಳನ್ನು ತಿರುಗಿಸಿ ನೋಡುತ್ತಾ, "ಅಲ್ಲವಾ ತಂಗಿ, ಗುಡ್ಡ ನೋಡಾಕ ಬಂದೀವೋ, ಗುಡ್ಡದ ಫೋಟೋ ನೋಡಾಕ ಬಂದೀವೋ?" ಅಂದರು. ಎಲೆ ಹಾಕಿ, ಪಾಯಸದ ಪಾತ್ರೆ ತೋರಿಸಿ, ಎಬ್ಬಿಸಿ ಕಳಿಸಿದ ಹಾಗಾಯಿತು.

ಅದೇ ದಿನ ಬೆಳಗ್ಗೆ ಒಂದು ಜೇನಿನ ಅಂಗಡಿ, ಒಂದು ಚೀಸ್ ಅಂಗಡಿ ಎರಡಕ್ಕೂ ಧಾರಾಳವಾಗಿ ನಿಲ್ಲಿಸಿದ್ದರು ಅನ್ನುವುದನ್ನು ಮರೆಯದೆ ಹೇಳಬೇಕು. ಜೇನು ಚೆನ್ನಾಗಿತ್ತು, ಅಮ್ಮ ಲೆದರ್‌ವುಡ್ ಹೂವಿನ ಜೇನು ಎರಡು ಡಬ್ಬ ತಗೊಂಡರು. ಆದರೆ ಅಲ್ಲಿ ಕಳೆದ ಹೊತ್ತನ್ನು ಡವ್ ಲೇಕ್‌ಗೆ ಕೊಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ.

ಸ್ಟ್ರಾನ್‌ನಲ್ಲಿ ಆದದ್ದು ಇನ್ನೊಂದು ತರಹ. ಬ್ರೋಷರ್‌ನ ಒಳಪುಟದಲ್ಲಿ ಗೋರ್ಡನ್ ನದಿ, ಕಾಡು ತಲೆಕೆಳಗಾಗಿ ನೀರಿನಲ್ಲಿ ಮೂಡಿರುವ ಚಿತ್ರ. ಆ ನೀರು ಚಹಾದ ಬಣ್ಣದ್ದು, ಬಟನ್‌ಗ್ರಾಸ್ ಅನ್ನುವ ಜೊಂಡಿನ ಬಯಲುಗಳಿಂದ ಇಳಿದು ಬರುವ ಟ್ಯಾನಿನ್ ಅನ್ನುವ ಕಂದು ರಸದಿಂದ ಹಾಗಾಗುತ್ತದೆ, ಅದಕ್ಕೇ ಪ್ರತಿಬಿಂಬ ಅಷ್ಟು ಸ್ಪಷ್ಟ. ನೋಡಬೇಕಾದರೆ ಮ್ಯಾಕ್ವಾರಿ ಹಾರ್ಬರ್ ದಾಟಿ ಹೋಗುವ ದೋಣಿಯಲ್ಲೇ ಹೋಗಬೇಕು. ದೋಣಿಗೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು, ಟಿಕೆಟ್ ತಲೆಗೆ ನೂರು ಡಾಲರ್ ಮೀರಿದ್ದು, ಅದು ನಮ್ಮ ಟೂರಿನ ಬೆಲೆಯಲ್ಲಿ ಸೇರಿರಲಿಲ್ಲ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಆಪ್ಷನಲ್’ ಅಂತ ಇತ್ತಂತೆ. ಮುಖದ ಮೇಲೆ ಚಿತ್ರ, ಬೆನ್ನ ಹಿಂದೆ ಷರತ್ತು. ದುಡ್ಡು ಕೊಟ್ಟು ಹೋದವರಿಗೆ ಸಾರಾ ದ್ವೀಪವೂ ಸಿಕ್ಕಿತು. 1822ರಿಂದ 1833ರವರೆಗೆ ಬ್ರಿಟಿಷರು ಕೈದಿಗಳಿಂದ ಹ್ಯೂಅನ್ ಪೈನ್ ಮರ ಕಡಿಸಿ ಹಡಗು ಕಟ್ಟಿಸುತ್ತಿದ್ದ ಜಾಗ ಅದು. ಕೊಡದವರು ಆ ಪುಟ್ಟ ಊರಿನ ಒಂದೇ ಬೀದಿಯಲ್ಲಿ ಮಳೆಗೆ ಛತ್ರಿ ಹಿಡಿದು ಕಾದರು. ನಾವು ದೋಣಿಗೆ ಹೋದೆವು, ಚೆನ್ನಾಗಿತ್ತು, ಹೋಗಿ ಅಂತಲೇ ಹೇಳುತ್ತೇನೆ. ಆದರೆ ಆ ಮೊತ್ತವನ್ನು ಟೂರಿನ ಬೆಲೆಗೆ ಸೇರಿಸಿ ನೋಡಿದರೆ ‘ಅಗ್ಗದ ಪ್ಯಾಕೇಜ್’ ಅನ್ನುವ ಮಾತು ಉಳಿಯುವುದಿಲ್ಲ.

ಇನ್ನು ಮಲಗಿದ್ದು ಸ್ಟ್ರಾನ್‌ನಲ್ಲಲ್ಲ. ಪಟ್ಟಿಯಲ್ಲಿ ‘ಸ್ಟ್ರಾನ್ ಪ್ರದೇಶ’ ಅಂತ ಇದ್ದದ್ದು ವಾಸ್ತವದಲ್ಲಿ ಕ್ವೀನ್ಸ್‌ಟೌನ್, ಅಲ್ಲಿಂದ ಸುಮಾರು 40 ಕಿಲೋಮೀಟರ್ ತಿರುವಿನ ರಸ್ತೆ. ಕ್ವೀನ್ಸ್‌ಟೌನ್ ನನಗೆ ಇಷ್ಟವಾಯಿತು, ಅದು ಬೇರೆ ಮಾತು. ಮೌಂಟ್ ಲೈಯೆಲ್ ತಾಮ್ರದ ಗಣಿಯ ಕುಲುಮೆಗಳಿಗೆ ಮರಗಳನ್ನು ಕಡಿದು, ಗಂಧಕದ ಹೊಗೆಯಿಂದ ಉಳಿದ ಗಿಡವೂ ಸುಟ್ಟು, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಗುಡ್ಡಗಳು ಬೋಳಾಗಿವೆ. ಫುಟ್‌ಬಾಲ್ ಮೈದಾನದಲ್ಲೂ ಹುಲ್ಲಿಲ್ಲ, ಜಲ್ಲಿ. ಬಳ್ಳಾರಿ, ಸಂಡೂರಿನ ಗಣಿ ನೋಡಿದವರಿಗೆ ಇಲ್ಲಿ ಯೋಚಿಸಲು ಬೇಕಾದಷ್ಟಿದೆ. ಗೈಡ್ ಇದ್ದಿದ್ದರೆ ಇದನ್ನೆಲ್ಲ ಹೇಳುತ್ತಿದ್ದರೇನೋ. ಡ್ರೈವರೇ ಗೈಡ್ ಅನ್ನುವುದು ಲಾನ್ಸೆಸ್ಟನ್‌ನಲ್ಲಿ ಬಸ್ ಹತ್ತಿದ ಮೇಲೆ ಗೊತ್ತಾಯಿತು. ಪಾಪ, ಒಳ್ಳೆಯ ಮನುಷ್ಯ. ಲೈಯೆಲ್ ಹೆದ್ದಾರಿಯ ಆ ತಿರುವುಗಳಲ್ಲಿ ಅವರು ಕಥೆ ಹೇಳದೆ ರಸ್ತೆ ನೋಡುತ್ತಿದ್ದದ್ದೇ ನಮಗೆ ಕ್ಷೇಮ. ಇಲ್ಲಿ ದೊಡ್ಡ ಬಸ್ಸಿನ ಚಾಲಕರ ಕೆಲಸದ ಗಂಟೆ, ವಿಶ್ರಾಂತಿಯ ಗಂಟೆ ಎರಡಕ್ಕೂ ಕಾನೂನಿದೆ, ಹಾಗಾಗಿ ‘ಇನ್ನೊಂದರ್ಧ ಗಂಟೆ ನಿಲ್ಲಿಸಿ’ ಅಂತ ಅವರನ್ನು ಬೇಡಿಕೊಂಡು ಪ್ರಯೋಜನವಿಲ್ಲ. ತಪ್ಪು ಆಫೀಸಿನಲ್ಲಿ ಕೂತು ಪಟ್ಟಿ ಮಾಡಿದವರದು.

ಆ ಪಟ್ಟಿಯನ್ನು ಬೇಸಿಗೆಗೆ ಅಂತ ಮಾಡಿದ್ದಾರೆ ಅನ್ನುವುದೂ ಹೋಗಿ ನೋಡಿದ ಮೇಲೇ ತಿಳಿಯಿತು. ಜನವರಿಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುತ್ತದೆ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಸಂಜೆ ಆರಕ್ಕೆಲ್ಲ ಕತ್ತಲು. ಸ್ಟ್ರಾನ್‌ನಿಂದ ಹೋಬಾರ್ಟ್ 300 ಕಿಲೋಮೀಟರ್, ನಿಲ್ಲಿಸದೆ ಹೋದರೂ ನಾಲ್ಕೂವರೆ ಗಂಟೆ. ದೋಣಿ ಮಧ್ಯಾಹ್ನ ವಾಪಸ್ ಬಂದ ಮೇಲೆ ಹೊರಟರೆ ಫ್ರಾಂಕ್ಲಿನ್ ನದಿಯ ಕಾಡು, ಲೇಕ್ ಸೇಂಟ್ ಕ್ಲೇರ್ ಎಲ್ಲವೂ ಕಪ್ಪು ಗಾಜಿನಾಚೆ. 1983ರಲ್ಲಿ ಸುಪ್ರೀಂ ಕೋರ್ಟಿಗೆ ಸಮಾನವಾದ ಅಲ್ಲಿನ ಹೈಕೋರ್ಟ್‌ವರೆಗೂ ಹೋಗಿ ಅಣೆಕಟ್ಟಿನಿಂದ ಉಳಿಸಿಕೊಂಡ ನದಿ, ವಿಶ್ವ ಪರಂಪರೆಯ ಕಾಡು. ಅದರ ನಡುವೆ ಹಾಯ್ದು ಬಂದೆವು, ಒಂದು ಮರ ನೋಡಲಿಲ್ಲ. ಕತ್ತಲಾದ ಮೇಲೆ ವಾಲಬಿ, ಪೊಸಮ್‌ನಂಥ ಕಾಡುಪ್ರಾಣಿಗಳು ರಸ್ತೆಗೆ ಬರುವುದರಿಂದ ಬಸ್ಸೂ ನಿಧಾನ. ಕ್ವೀನ್ಸ್‌ಟೌನ್‌ನಿಂದ ಡರ್ವೆಂಟ್ ಬ್ರಿಜ್‌ವರೆಗೆ ಎಂಬತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ಅಂಗಡಿ ಸಿಗುವುದೇ ಅಪರೂಪ, ಬಹಳ ಕಡೆ ಫೋನ್ ಸಿಗ್ನಲ್ ಇಲ್ಲ. ಕೋಚಿನ ಹಿಂದಿನ ಟಾಯ್ಲೆಟ್‌ಗೆ ಬೀಗ. ಸಕ್ಕರೆ ಕಾಯಿಲೆಯ ಅಪ್ಪನಿಗೆ ಆ ದಾರಿ ಏನಾಗಿರಬೇಕು, ನೀವೇ ಲೆಕ್ಕ ಹಾಕಿ.

ಊಟದ ವಿಷಯ ಜಾಸ್ತಿ ಎಳೆಯುವುದಿಲ್ಲ. ಹೋಬಾರ್ಟ್, ಲಾನ್ಸೆಸ್ಟನ್ ಬಿಟ್ಟರೆ ‘ಇಂಡಿಯನ್ ವೆಜ್’ ಅಂದರೆ ಚಿಪ್ಸು, ಬ್ರೆಡ್ಡು. ಕೆಟಲ್‌ನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸಿಕೊಂಡೆವು. ಒಂದು ಮಾತ್ರ ಗಮನಿಸಿ: ಮೆಲ್ಬರ್ನ್‌ನಿಂದ ಹೋದರೂ ಟಾಸ್ಮೇನಿಯಾಕ್ಕೆ ತಾಜಾ ಹಣ್ಣು, ತರಕಾರಿ, ಗಿಡದ ಭಾಗ ಏನನ್ನೂ ಒಯ್ಯುವಂತಿಲ್ಲ. ಏರ್‌ಪೋರ್ಟ್‌ನಲ್ಲಿ ಮೂಸುವ ನಾಯಿ ಇರುತ್ತದೆ. ಅಮ್ಮನ ಚೀಲದ ಬಾಳೆಹಣ್ಣು, ಕರಿಬೇವು, ಹಸಿಮೆಣಸಿನಕಾಯಿ ಎಲ್ಲ ಕಸದ ಡಬ್ಬಿಗೆ. ಟೂರಿನವರು ಕಳಿಸಿದ ಸೂಚನೆಯಲ್ಲಿ ಈ ಸಾಲೇ ಇರಲಿಲ್ಲ.

ಪೋರ್ಟ್ ಆರ್ಥರ್ ಹೋಬಾರ್ಟ್‌ನಿಂದ ಒಂದೂವರೆ ಗಂಟೆ. 1830ರಿಂದ 1877ರವರೆಗೆ ನಡೆದ ಕೈದಿಗಳ ವಸಾಹತು, 2010ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಟಿಕೆಟ್‌ನಲ್ಲೇ ಅಲ್ಲಿನವರ ಗೈಡೆಡ್ ವಾಕ್, ಬಂದರಿನ ದೋಣಿ ಸುತ್ತು ಸೇರಿವೆ, ಅರ್ಧ ದಿನ ಆರಾಮಾಗಿ ಬೇಕು. ನಮ್ಮನ್ನು ಇಳಿಸಿದ ಹೊತ್ತಿಗೆ ಕೊನೆಯ ದೋಣಿ ಹೊರಟಿತ್ತು. ಸಲಮಾಂಕಾ ಮಾರುಕಟ್ಟೆ ಅಂತಲೂ ಪಟ್ಟಿಯಲ್ಲಿತ್ತು, ಅದು ಶನಿವಾರ ಮಾತ್ರ ನಡೆಯುವುದು. ನಾವು ಹೋಬಾರ್ಟ್‌ನಲ್ಲಿದ್ದದ್ದು ಶನಿವಾರ ಅಲ್ಲ. ನಬೋಲಾದ ಲ್ಯಾವೆಂಡರ್ ತೋಟವೂ ಹಾಗೇ: ಡಿಸೆಂಬರ್, ಜನವರಿ ಬಿಟ್ಟರೆ ನೇರಳೆ ಬಣ್ಣದ ಹುಡುಕಾಟ ವ್ಯರ್ಥ, ಕೊಯ್ದು ಬಿಟ್ಟ ಬೂದು ಪೊದೆಗಳು. ಹೋಬಾರ್ಟ್‌ನ ಬೆಟ್ಟ ಕುನಾನ್ಯಿ, ಅಂದರೆ ಮೌಂಟ್ ವೆಲಿಂಗ್ಟನ್, ಅದರ ಮೇಲಿನ ರಸ್ತೆ ಗಾಳಿಗೆ ಮುಚ್ಚಿತ್ತು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಫ್ರೇಸಿನೆಯ ವೈನ್‌ಗ್ಲಾಸ್ ಬೇ ಬಗ್ಗೆ ಮಾತ್ರ ಇನ್ನೊಂದು ಮಾತು. ಅರ್ಧಚಂದ್ರದ ಆ ಬಿಳಿ ಮರಳಿನ ಕೊಲ್ಲಿ ಕಾರ್ ಪಾರ್ಕ್‌ನಿಂದ ಕಾಣುವುದಿಲ್ಲ. ನೋಡುವ ಜಾಗಕ್ಕೆ ಮೆಟ್ಟಿಲು ಹತ್ತಬೇಕು, ಹೋಗಿಬರಲು ಒಂದರಿಂದ ಒಂದೂವರೆ ಗಂಟೆ. ಮಂಡಿನೋವಿನವರಿಗೆ ಆಗದ ಕೆಲಸ. ಅಂಥವರಿಗೆ ಕೇಪ್ ಟೂರ್‌ವಿಲ್ ದೀಪಸ್ತಂಭದ ಹತ್ತಿರ ಸಮತಟ್ಟಾದ ಚಿಕ್ಕ ಹಲಗೆ ದಾರಿ ಇದೆ, ಇಪ್ಪತ್ತು ನಿಮಿಷದ್ದು, ಕೊಲ್ಲಿಯ ಒಂದು ಅಂಚು ಅಲ್ಲಿಂದ ಕಾಣುತ್ತದೆ. ‘ಹಿರಿಯರಿಗೆ ಹೇಳಿ ಮಾಡಿಸಿದ’ ಟೂರ್ ನಮ್ಮನ್ನು ಅಲ್ಲಿಗೆ ಒಯ್ಯಲಿಲ್ಲ. ಹಾಗೆಯೇ ಮೌಂಟ್ ಫೀಲ್ಡ್‌ನ ರಸೆಲ್ ಫಾಲ್ಸ್, ಅರ್ಧ ಗಂಟೆಯೊಳಗೆ ಗಾಲಿಕುರ್ಚಿಯಲ್ಲೂ ಹೋಗಿಬರಬಹುದಾದ ಜಲಪಾತ, ಪಟ್ಟಿಯಲ್ಲೇ ಇರಲಿಲ್ಲ.

ಹಾಗಾಗಿ ಹೋಗುವವರು ‘ಯಾವ ಯಾವ ಜಾಗ’ ಅಂತ ಕೇಳಬೇಡಿ. ಪ್ರತಿ ಜಾಗದಲ್ಲೂ ಬಸ್ಸಿನ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಡವ್ ಲೇಕ್‌ವರೆಗೆ ಶಟಲ್‌ನಲ್ಲಿ ಒಯ್ಯುತ್ತೀರಾ, ಉದ್ಯಾನಗಳ ಪಾಸ್ ಬೆಲೆಯಲ್ಲಿ ಸೇರಿದೆಯಾ, ಗೋರ್ಡನ್ ನದಿಯ ಟಿಕೆಟ್ ಸೇರಿದೆಯಾ, ಹೋಟೆಲ್ ಯಾವ ಊರಿನಲ್ಲಿ, ಗೈಡ್ ಬೇರೆ ಇದ್ದಾರಾ, ಬಸ್ಸಿನ ಟಾಯ್ಲೆಟ್ ತೆರೆದಿರುತ್ತದಾ. ಉತ್ತರ ಕೊಡಲು ತಡಬಡಿಸಿದರೆ ಅದೇ ಉತ್ತರ. ನನ್ನನ್ನು ಕೇಳಿದರೆ, ಒಂದು ವಾರದೊಳಗಿನ ರಜೆಗೆ ಪೂರ್ತಿ ಸುತ್ತು ಬೇಡವೇ ಬೇಡ. ಹೋಬಾರ್ಟ್‌ನಲ್ಲೋ ಲಾನ್ಸೆಸ್ಟನ್‌ನಲ್ಲೋ ಒಂದೇ ಕಡೆ ಮನೆ ಮಾಡಿಕೊಂಡು ಅಲ್ಲಿಂದ ದಿನದ ಟೂರ್‌ಗಳಲ್ಲಿ ಹೋಗಿಬನ್ನಿ. ಅಡುಗೆಮನೆ ಸಿಗುತ್ತದೆ, ದಿನಾ ಪೆಟ್ಟಿಗೆ ಕಟ್ಟುವ ಕಷ್ಟ ಇಲ್ಲ, ಹುಷಾರಿಲ್ಲದಿದ್ದರೆ ಒಂದು ದಿನ ಬಿಟ್ಟರೂ ನಡೆಯುತ್ತದೆ.

ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ: ಬ್ರೋಷರ್, ವೆಬ್ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಅದು ಬದಲಾಗಬಹುದು. ಬಸ್ ಎಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದಕ್ಕೆ ನಿಮ್ಮ ಫೋನಿನ ಫೋಟೋಗಳ ಸಮಯವೇ ಸಾಕ್ಷಿ. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನಲ್ಲಿ ದಾರಿ ತಪ್ಪಿಸುವ ಜಾಹೀರಾತು ನಿಷಿದ್ಧ, ‘ಷರತ್ತಿಗೆ ಸಹಿ ಹಾಕಿದ್ದೀರಿ’ ಅಂತ ಹೇಳಿ ಕಾನೂನು ಗ್ರಾಹಕರಿಗೆ ಕೊಡುವ ಖಾತರಿಗಳಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ನಮಗೆ ಮೊದಲು ಮುಂದಿನ ಟೂರಿನ ವೋಚರ್ ಕೊಡಲು ಬಂದರು. ಬೇಡ ಅಂದು, ಏನೇನು ಕೊಡಲಿಲ್ಲ ಅಂತ ಒಂದೊಂದಾಗಿ ಬರೆದು, ಗ್ರಾಹಕ ಇಲಾಖೆಗೆ ಹೋಗುತ್ತೇವೆ ಅಂದ ಮೇಲೆ ಸ್ವಲ್ಪ ಭಾಗ ಕಾರ್ಡಿಗೆ ವಾಪಸ್ ಬಂತು. ಊರಿನಲ್ಲಿ ಏಜೆಂಟ್‌ಗೆ ದುಡ್ಡು ಕಟ್ಟಿದವರು ಭಾರತದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು. ಹುಬ್ಬಳ್ಳಿಯವರು ಹಾಗೇ ಮಾಡುವವರಿದ್ದರು.

ನಮ್ಮ ಟೂರಿನ ಪಟ್ಟಿಯೂ, ಅದರ ಪಕ್ಕದಲ್ಲಿ ನಿಜವಾಗಿ ಸಿಕ್ಕ ಸಮಯವೂ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ, ಕಂಪನಿಯ ಹೆಸರು ಅಳಿಸಿ ಕಳಿಸುತ್ತೇನೆ.