ಜಿಲ್ಲೆಯ ಸಸ್ಯಕುಟುಂಬ ಎಣಿಸಲು ಜಿಬಿಐಎಫ್: ಎಲ್ಲಿ ನಂಬಬಹುದು, ಎಲ್ಲಿ ತಿದ್ದಬೇಕು

ಒಂದು ಜಿಲ್ಲೆಯಲ್ಲಿ ಯಾವ ಸಸ್ಯಕುಟುಂಬದ ಪ್ರಭೇದಗಳು ಹೆಚ್ಚು ಎಂದು ನೋಡಲು, ಜಗತ್ತಿನ ಜೀವಿಗಳ ದಾಖಲೆಗಳನ್ನು ಒಂದೆಡೆ ಕೊಡುವ ಜಾಲತಾಣ ಜಿಬಿಐಎಫ್‌ನ ‘ಸ್ಪೀಶೀಸ್ ಲಿಸ್ಟ್’ (ಪ್ರಭೇದಪಟ್ಟಿ) ಡೌನ್‌ಲೋಡ್‌ನಷ್ಟು ಅನುಕೂಲದ ಸೌಲಭ್ಯ ಇನ್ನೊಂದಿಲ್ಲ. ಪೂರ್ತಿ ಉಚಿತ, ಖಾತೆ ಇದ್ದರೆ ಸಾಕು. ಹರ್ಬೇರಿಯಂ ಹಾಳೆಗಳ (ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡಗಳ) ದಾಖಲೆ, ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ತಾಣ ಐನ್ಯಾಚುರಲಿಸ್ಟ್‌ನ ದಾಖಲೆ ಎರಡೂ ಒಟ್ಟಿಗೆ ಬರುತ್ತವೆ. ಆದರೆ ಬಂದ ಕಡತವನ್ನು ತಿದ್ದದೆ ಬಳಸುವಂತಿಲ್ಲ.

ಕೊಡಗನ್ನೇ ತೆಗೆದುಕೊಳ್ಳಿ. ತಾಣದ ‘ಅಕರೆನ್ಸಸ್’ (ದಾಖಲೆಗಳ) ಪುಟದಲ್ಲಿ ಹೆಸರಿಗೆ ಟ್ರೇಕಿಯೋಫೈಟ (ನಾಳಸಸ್ಯಗಳು), ಆಡಳಿತ ಪ್ರದೇಶಕ್ಕೆ ಕೊಡಗು ಕೊಡಿ. ‘ಬೇಸಿಸ್ ಆಫ್ ರೆಕಾರ್ಡ್’ನಲ್ಲಿ ಲಿವಿಂಗ್ ಸ್ಪೆಸಿಮೆನ್ ಬಿಡಿ, ಇಲ್ಲದಿದ್ದರೆ ಸಸ್ಯೋದ್ಯಾನದ ಗಿಡಗಳೂ ಕಾಡಿನ ಲೆಕ್ಕಕ್ಕೆ ಸೇರುತ್ತವೆ. ಆಮೇಲೆ ‘ಸ್ಪೀಶೀಸ್ ಲಿಸ್ಟ್’ ಇಳಿಸಿಕೊಳ್ಳಿ. ಕಡತದ ಹೆಸರು ಸಿಎಸ್‌ವಿ ಆದರೂ ಒಳಗೆ ಅಂಕಣಗಳನ್ನು ಬೇರ್ಪಡಿಸಿರುವುದು ಟ್ಯಾಬ್. ನೇರವಾಗಿ ತೆರೆದರೆ ಎಲ್ಲ ಒಂದೇ ಅಂಕಣಕ್ಕೆ ತುಂಬಿಕೊಳ್ಳಬಹುದು. ಎಕ್ಸೆಲ್‌ನಲ್ಲಿ ಇಂಪೋರ್ಟ್ ಮಾಡಿ, ಟ್ಯಾಬ್ ಮತ್ತು ಯುಟಿಎಫ್-8 ಆರಿಸಿ.

ಮುಂದಿನದೇ ಮುಖ್ಯ. ಕುಲದ ಮಟ್ಟಕ್ಕೇ ನಿಂತ ಸಾಲುಗಳನ್ನು ತೆಗೆಯಿರಿ. ‘ಸ್ಪೀಶೀಸ್‌ಕೀ’ (ಪ್ರಭೇದದ ಗುರುತುಸಂಖ್ಯೆ) ಅಂಕಣದ ಆಧಾರದಲ್ಲಿ ನಕಲು ಸಾಲುಗಳನ್ನು ಅಳಿಸಿ. ಉಪಪ್ರಭೇದಗಳು, ಪರ್ಯಾಯ ಹೆಸರುಗಳು ಆಗ ಒಂದಾಗುತ್ತವೆ. ಕಾಫಿ, ಸಿಲ್ವರ್ ಓಕ್‌ನಂಥ ಬೆಳೆಸಿದವನ್ನು ಕೈಯಾರೆ ತೆಗೆಯಬೇಕು. ಆಮೇಲೆ ಪಿವಟ್ ಟೇಬಲ್‌ನಲ್ಲಿ ಕುಟುಂಬವಾರು ಸಾಲುಗಳನ್ನು ಎಣಿಸಿ. ದಾಖಲೆಗಳ ಸಂಖ್ಯೆ ಕೂಡಿಸಲೇಬೇಡಿ! ಅದು ಜನ ಎಷ್ಟು ಸಲ ಫೋಟೊ ತೆಗೆದರು, ಎಷ್ಟು ಸಲ ಹಾಳೆ ಮಾಡಿದರು ಎನ್ನುವುದರ ಲೆಕ್ಕ.

ಫೋಟೊ ದಾಖಲೆಗಳ ದೊಡ್ಡ ಕೊರತೆ ಹುಲ್ಲು. ಕದಿರಿನ ಕಿರುಭಾಗಗಳನ್ನು ಬಿಡಿಸಿ ನೋಡದೆ ಹುಲ್ಲು, ಜೇಕುಗಳ ಪ್ರಭೇದ ಗುರುತಿಸುವುದು ಕಷ್ಟ. ಹಾಗಾಗಿ ಹುಲ್ಲಿನ ಕುಟುಂಬ ಪೋಯೇಸಿ, ಜೇಕಿನ ಕುಟುಂಬ ಸೈಪರೇಸಿ ನಿಜಕ್ಕಿಂತ ಕೆಳಗೆ ಕಾಣುತ್ತವೆ, ಹೂವಿನಿಂದ ಕಣ್ಸೆಳೆಯುವ ಆರ್ಕಿಡ್‌ಗಳು ಮೇಲೇರುತ್ತವೆ. ಹರ್ಬೇರಿಯಂ ದಾಖಲೆಗಳಷ್ಟನ್ನೇ ಬೇರೆಯಾಗಿ ಎಣಿಸಿ ಹೋಲಿಸಿ. ಆದರೆ ಜಿಲ್ಲೆಯ ಫಿಲ್ಟರ್ ನಿಲ್ಲುವುದು ಅಕ್ಷಾಂಶ, ರೇಖಾಂಶದ ಮೇಲೆ. ಅವಿಲ್ಲದ ಹಳೆಯ ಹಾಳೆಗಳು ಬಿಟ್ಟುಹೋಗುತ್ತವೆ. ಅವನ್ನು ಊರಿನ ಹೆಸರಿನಿಂದ ಹುಡುಕಿ ಸೇರಿಸಬೇಕು. ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಐನ್ಯಾಚುರಲಿಸ್ಟ್ 0.2 ಡಿಗ್ರಿ ಚೌಕದೊಳಗೆ ಅಲ್ಲಾಡಿಸಿ ತೋರಿಸುತ್ತದೆ. ಗಡಿಯ ಗಿಡ ಪಕ್ಕದ ಜಿಲ್ಲೆಗೆ ಹೋಗಿರಬಹುದು.

ಹಳೆಯ ಸಸ್ಯಗ್ರಂಥದ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು. ಎಷ್ಟೋ ಗಿಡಗಳ ಕುಟುಂಬವೇ ಬದಲಾಗಿದೆ: ಎಕ್ಕ ಈಗ ಅಪೋಸೈನೇಸಿಯಲ್ಲಿದೆ, ತೇಗ ಲೇಮಿಯೇಸಿಯಲ್ಲಿ, ಬೂರುಗ ಮಾಲ್ವೇಸಿಯಲ್ಲಿ, ನೆಲ್ಲಿ ಫಿಲಾಂತೇಸಿಯಲ್ಲಿ. ಎರಡೂ ಪಟ್ಟಿಗಳನ್ನು 2016ರ ಎಪಿಜಿ 4ಕ್ಕೆ (ಹೂಬಿಡುವ ಸಸ್ಯಗಳ ಕುಟುಂಬ ವಿಂಗಡಣೆಗೆ) ತಂದ ಮೇಲಷ್ಟೇ ‘ಈ ಕುಟುಂಬ ಹೆಚ್ಚಿದೆ’ ಎನ್ನಬಹುದು.

ಈ ಪಟ್ಟಿ ಹೇಳುವುದು ಪ್ರಭೇದಗಳ ಸಂಖ್ಯೆಯನ್ನು ಮಾತ್ರ. ಧೂಪದ ಮರದ ಕುಟುಂಬ ಡಿಪ್ಟೆರೋಕಾರ್ಪೇಸಿಗೆ ಪಶ್ಚಿಮಘಟ್ಟದಲ್ಲಿ ಪ್ರಭೇದಗಳು ಕಡಿಮೆ, ಆದರೆ ನಿತ್ಯಹರಿದ್ವರ್ಣ ಕಾಡಿನ ಎಷ್ಟೋ ಕಡೆ ಚಾವಣಿ ಅದರದೇ. ಕಾಡನ್ನು ಆಳುವ ಕುಟುಂಬ ಯಾವುದೆಂದು ತಿಳಿಯಲು ಕಾಡಿನಲ್ಲಿ ಪ್ಲಾಟ್ (ಅಳತೆಯ ತುಂಡುನೆಲ) ಹಾಕಿ, 1.3 ಮೀಟರ್ ಎತ್ತರದಲ್ಲಿ ಮರಗಳ ಸುತ್ತಳತೆ ಅಳೆಯಬೇಕು. ಪ್ರಭೇದಗಳ ಪಾಲು, ಮರಗಳ ಸಂಖ್ಯೆಯ ಪಾಲು, ಕಾಂಡದ ಅಡ್ಡಕೊಯ್ತದ ವಿಸ್ತೀರ್ಣದ ಪಾಲು, ಮೂರನ್ನೂ ಶೇಕಡಾದಲ್ಲಿ ಕೂಡಿಸಿದರೆ 300ಕ್ಕೆ ಪ್ರತಿ ಕುಟುಂಬದ ಮಹತ್ವದ ಮೌಲ್ಯ ಸಿಗುತ್ತದೆ. ಈ ಕೆಲಸಕ್ಕೆ ಜಿಬಿಐಎಫ್ ಪಟ್ಟಿ ಸಾಲದು.